ದೇವರ ಮಣೆಗೆ ರಸಮಟ್ಟ

ಗೋಡೆಗೆ ಒಂದು ಮೊಳೆ ಹೊಡೆಯಬೇಕಾಗಿತ್ತು. ಮೊನ್ನೆ ಅದಕ್ಕಾಗಿ ಹಳೆಯ ಸಾಮಾನಿನ ಪೆಟ್ಟಿಗೆ ಕೆದಕುತ್ತಿದ್ದೆ. ಸುತ್ತಿಗೆ ಸಿಗಲಿಲ್ಲ, ರಸಮಟ್ಟ ಸಿಕ್ಕಿತು. ಗಾರೆ ಕೆಲಸದವರ ಕೈಯಲ್ಲಿ ಅದನ್ನು ನೀವೂ ನೋಡಿರುತ್ತೀರಿ. ಚಪ್ಪಟೆ ಪಟ್ಟಿಯ ನಡುವೆ ಸಣ್ಣ ಗಾಜಿನ ಕೊಳವೆ, ಅದರೊಳಗೆ ಹಸಿರು ನೀರು, ನೀರಿನಲ್ಲಿ ಒಂದು ಗುಳ್ಳೆ. ಇಟ್ಟ ಜಾಗ ಮಟ್ಟವಾಗಿದ್ದರೆ ಗುಳ್ಳೆ ನಡುವೆ ನಿಲ್ಲುತ್ತದೆ, ವಾಲಿದ್ದರೆ ಎತ್ತರದ ಕಡೆಗೆ ಓಡುತ್ತದೆ. ನನ್ನದು ಅಂಗೈಯಷ್ಟು ಉದ್ದದ್ದು. ಬೇರೆಯವರು ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವ ಹಾಗೆ ನಾನು ಅದನ್ನು ಇಟ್ಟುಕೊಂಡು ತಿರುಗುತ್ತಿದ್ದೆ. ಕಳೆದ ವರ್ಷದ ಆ ಒಂದು ಗುರುವಾರದಿಂದ ಈಚೆಗೆ ಅದನ್ನು ಮುಟ್ಟಿರಲಿಲ್ಲ.

ನನಗೊಂದು ಕಾಯಿಲೆಯಿದೆ. ಸೊಟ್ಟಗಿರುವುದನ್ನು ನೋಡಿದರೆ ಕೈ ಸುಮ್ಮನಿರುವುದಿಲ್ಲ. ಸರ್ಕಾರಿ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಇಡೀ ನೌಕರಿ ಕಳೆದವನು ನಾನು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ತಿಂಗಳು ತಿಂಗಳು ಸಂಬಳ ಪಡೆದವನು. ಕಮ್ಮನಹಳ್ಳಿಯ ಹೋಟೆಲಿನಲ್ಲಿ ಮೇಜು ಅಲ್ಲಾಡಿದರೆ ಇಡ್ಲಿ ಬರುವ ಮೊದಲು ಅದರ ಕಾಲಿನ ಕೆಳಗೆ ಕಾಗದ ಮಡಿಸಿ ಇಟ್ಟಿರುತ್ತೇನೆ. ಆಟೋದಲ್ಲಿ ಕೂತರೆ ಡ್ರೈವರಿಗೆ ಯಾವ ಗುಂಡಿಯನ್ನು ಯಾವ ಕಡೆಯಿಂದ ತಪ್ಪಿಸಬೇಕೆಂದು ಹೇಳಿಕೊಡುತ್ತೇನೆ. ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ ಮನೆಯವರನ್ನು ಮಾತನಾಡಿಸಲು ಹೋಗಿದ್ದೆ. ಹಾರ ಹಾಕಿಟ್ಟಿದ್ದ ಫೋಟೋ ಸ್ವಲ್ಪ ಎಡಕ್ಕೆ ವಾಲಿತ್ತು. ಎಷ್ಟೋ ಹೊತ್ತು ತಡೆದುಕೊಂಡೆ. ಕೊನೆಗೆ ಎದ್ದುಹೋಗಿ ನೆಟ್ಟಗೆ ಮಾಡಿದೆ. ನಾನು ಕೊನೆಯ ನಮಸ್ಕಾರ ಮಾಡುತ್ತಿದ್ದೇನೆಂದು ಭಾವಿಸಿ ಆ ಮನೆಯಾಕೆ ಜೋರಾಗಿ ಅತ್ತುಬಿಟ್ಟರು. ನಾನೂ ಕಣ್ಣೊರೆಸಿಕೊಂಡು ಬಂದೆ.

ಈ ರಸಮಟ್ಟ ನನ್ನ ಅಪ್ಪನದು. ಅವರೂ ಅದೇ ಕಾರ್ಖಾನೆಯಲ್ಲಿದ್ದವರು. ಆಗ ನಾವು ಹಲಸೂರಿನಲ್ಲಿ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿದ್ದೆವು. ಒಂದೇ ಅಂಗಳ, ಸುತ್ತ ಬಾಡಿಗೆ ಮನೆಗಳು. ಎಡಗಡೆಯ ಮನೆಯಲ್ಲಿ ತಮಿಳು, ಬಲಗಡೆಯ ಮನೆಯಲ್ಲಿ ಉರ್ದು, ನಲ್ಲಿಯ ಹತ್ತಿರ ಜಗಳಕ್ಕೆ ಮಾತ್ರ ಮೂರೂ ಭಾಷೆ. ಬೆಳಿಗ್ಗೆ ಅಪ್ಪ ಫ್ಯಾಕ್ಟರಿ ಬಸ್ಸಿಗೆ ಓಡುವಾಗ ಅಮ್ಮ ದೇವರ ಮುಂದೆ ಕೂತಿರುತ್ತಿದ್ದಳು. ನಮ್ಮ ಮನೆದೇವರು ವೆಂಕಟರಮಣ. ಗೇಣುದ್ದದ ಹಿತ್ತಾಳೆಯ ವಿಗ್ರಹ, ಅದನ್ನು ಕೂರಿಸುವುದಕ್ಕೆ ಹಲಸಿನ ಮರದ ಒಂದು ಮಣೆ.

ಅಮ್ಮ ಏನೇ ಮಾಡಬೇಕಾದರೂ ದೇವರಲ್ಲಿ ಹೂ ಕೇಳುತ್ತಿದ್ದಳು. ನಿಮ್ಮ ಮನೆಗಳಲ್ಲೂ ಈ ಪದ್ಧತಿ ಇದ್ದಿರಬಹುದು. ವಿಗ್ರಹದ ತಲೆಯ ಎರಡೂ ಪಕ್ಕಕ್ಕೆ ಹೂವಿನ ತೊಟ್ಟನ್ನು ಒದ್ದೆ ಮಾಡಿ ಅಂಟಿಸುವುದು, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವುದು, ಕೂತು ಕಾಯುವುದು. ದೇವರ ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಅಕ್ಕನಿಗೆ ಬಂದ ಸಂಬಂಧ, ನನ್ನ ಎಸ್ಸೆಸ್ಸೆಲ್ಸಿ, ಅಪ್ಪ ಸೈಟಿಗೆ ಅರ್ಜಿ ಹಾಕಿದ್ದು, ಎಲ್ಲದಕ್ಕೂ ನಮ್ಮ ದೇವರು ಬಲಗಡೆಯ ಹೂವನ್ನೇ ಕೊಟ್ಟ. ಬೇಡ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ತಮಿಳು ಮಾಮಿ ತನ್ನ ಮನೆಯ ಮುರುಗನನ್ನು ಬಿಟ್ಟು ನಮ್ಮ ಮನೆಗೆ ಬಂದು ಹೂ ಕೇಳಿಸಿಕೊಂಡು ಹೋಗುತ್ತಿದ್ದರು.

ಒಂದು ಭಾನುವಾರ ಅಪ್ಪನ ಜೇಬಿನಿಂದ ರಸಮಟ್ಟ ತೆಗೆದುಕೊಂಡು ಮನೆಯಲ್ಲಿದ್ದ ಎಲ್ಲದರ ಮೇಲೂ ಇಟ್ಟು ನೋಡುತ್ತ ಬಂದೆ. ದೇವರ ಮಣೆಯ ಮೇಲೂ ಇಟ್ಟೆ. ಗುಳ್ಳೆ ಒಂದು ತುದಿಗೆ ಓಡಿತು. ಮಣೆ ದೇವರ ಬಲಗಡೆಗೆ ವಾಲಿತ್ತು. ದೊಡ್ಡ ಗುಟ್ಟು ಕಂಡುಹಿಡಿದವನ ಹಾಗೆ ಅಡುಗೆಮನೆಗೆ ಓಡಿದೆ.

"ಅಮ್ಮಾ, ಮಣೆ ವಾಲಿದೆ. ಅದಕ್ಕೇ ಯಾವಾಗ್ಲೂ ಬಲಗಡೆ ಹೂವೇ ಬೀಳೋದು!"

ಅಮ್ಮ ರುಬ್ಬುವುದನ್ನು ನಿಲ್ಲಿಸಲಿಲ್ಲ. "ಅದನ್ನ ಏನಾದ್ರೂ ಮುಟ್ಟಿದ್ಯೋ, ಕೈ ಮುರೀತೀನಿ" ಎಂದಳು. ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು. ಅವಳು ಹೋದ ಮೇಲೆ ಆ ಮಣೆ, ಆ ದೇವರು, ಆ ರಸಮಟ್ಟ ಮೂರೂ ನನ್ನ ಪಾಲಿಗೆ ಬಂದವು. ಕಲ್ಯಾಣ ನಗರದಲ್ಲಿ ಮನೆ ಕಟ್ಟಿಸಿದಾಗ ನಾನು ಮಾಡಿದ ಮೊದಲ ಕೆಲಸವೇನೆಂದು ನೀವೇ ಊಹಿಸಿ. ಬಡಗಿಯನ್ನು ಕರೆಸಿ ಮಣೆಯ ಅಡಿಯನ್ನು ತೋಪಡ ಹೊಡೆಸಿ, ಗುಳ್ಳೆ ಕೂದಲೆಳೆಯಷ್ಟೂ ಆಚೀಚೆ ಹೋಗದಂತೆ ಕೂರಿಸಿದೆ. ಅಂದಿನಿಂದ ನಮ್ಮ ದೇವರು ಮೌನವ್ರತ ಹಿಡಿದ. ಹೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹೆಚ್ಚಾಗಿ ಎಲ್ಲಿಗೂ ಇಲ್ಲ. "ಅತ್ತೆ ಕಾಲದಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತಿದ್ದ. ನಿಮ್ಮ ಕೈಗೆ ಸಿಕ್ಕಿ ಅವನೂ ಬಾಯಿ ಮುಚ್ಕೊಂಡ" ಎಂದು ನನ್ನ ಹೆಂಡತಿ ಪದ್ಮ ಆಗಾಗ ಹಂಗಿಸುತ್ತಿದ್ದಳು.

ಇಷ್ಟೂ ನಗುವ ಮಾತಾಗಿಯೇ ಉಳಿಯುತ್ತಿತ್ತು. ಆದರೆ ಕಳೆದ ವರ್ಷ ಪದ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮೊದಲು ವಯಸ್ಸು ಎಂದೆವು, ಆಮೇಲೆ ಗ್ಯಾಸ್ ಎಂದೆವು. ಒಂದು ದಿನ ತರಕಾರಿ ಚೀಲ ಹಿಡಿದುಕೊಂಡೇ ಗೇಟಿನ ಹತ್ತಿರ ಕುಸಿದು ಕೂತಳು. ರಿಂಗ್ ರಸ್ತೆಯ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಆದವು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಅದನ್ನು ತೆಗೆದು ಹೊಸದು ಹಾಕಬೇಕು ಎಂದರು ಡಾಕ್ಟರು. ಗಂಭೀರ ಮುಖದ, ಕಡಿಮೆ ಮಾತಿನ ಮನುಷ್ಯ. ಅವಳ ಶ್ವಾಸಕೋಶವೂ ಸೊರಗಿದೆ, ಹಾಗಾಗಿ ಆಪರೇಷನ್ ಮಾಡಿಸಿದರೂ ಅಪಾಯವಿದೆ, ಮಾಡಿಸದಿದ್ದರೂ ಅಪಾಯವಿದೆ ಎಂದರು.

"ಡಾಕ್ಟ್ರೇ, ಆ ಹೊಸ ವಾಲ್ವ್‌ನ ಟಾಲರೆನ್ಸ್ ಎಷ್ಟು, ಅಳತೆ ಎಷ್ಟು ಆಚೀಚೆ ಆದ್ರೆ ನಡೆಯುತ್ತೆ? ಯಾರು ಇನ್ಸ್‌ಪೆಕ್ಟ್ ಮಾಡ್ತಾರೆ?" ಎಂದು ಕೇಳಿದೆ.

"ಸರ್, ಅದನ್ನ ನಮಗೆ ಬಿಡಿ" ಎಂದರು ಅವರು. "ನೀವಿಬ್ಬರೂ ಮಾತಾಡ್ಕೊಂಡು ಶುಕ್ರವಾರದೊಳಗೆ ಹೇಳಿ. ಸೋಮವಾರ ಬೆಳಿಗ್ಗೆ ಮಾಡೋಣ. ತುಂಬ ತಳ್ಳೋಕಾಗಲ್ಲ."

ನಾವಿಬ್ಬರೂ ಮಾತಾಡಿಕೊಳ್ಳಲಿಲ್ಲ. ನಾನೊಬ್ಬನೇ ಮಾತಾಡಿದೆ. ಮನೆಗೆ ಬಂದ ಗಳಿಗೆಯಿಂದ ಯಾವ ವಾರ್ಡು, ರಕ್ತ ಕೊಡುವವರು ಯಾರು, ಊಟ ಎಲ್ಲಿಂದ, ಡಾಕ್ಟರು ಓದಿದ್ದೆಲ್ಲಿ, ಎಲ್ಲ ವಿಚಾರಿಸಿದೆ. ಸಿಕ್ಕ ಸಿಕ್ಕವರಿಗೆ ಫೋನು ಮಾಡಿದೆ. ಆಪರೇಷನ್ ಮಾಡಿಸಲೇಬೇಕೆಂದು ನಾನು ತೀರ್ಮಾನಿಸಿಯಾಗಿತ್ತು. ಒಳಗೊಳಗೇ ಹೆದರಿಕೆಯಿತ್ತು. ಅದರ ಕಡೆ ನೋಡದಿರಲು ಕೆಲಸ ಬೇಕಾಗಿತ್ತು. ಪದ್ಮ ಎಲ್ಲವನ್ನೂ ಕೇಳಿಸಿಕೊಂಡು ಬುಧವಾರ ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದಳು.

"ನಾಳೆ ಸಾಯಂಕಾಲ ದೇವರಲ್ಲಿ ಹೂ ಕೇಳ್ತೀನಿ. ಅವನು ಏನು ಹೇಳ್ತಾನೋ ಹಾಗೆ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಅವಳು ಹೇಳಿದರೆ ಹೇಳಿದಂತೆ. ಎಡಗಡೆಯ ಹೂ ಬಿದ್ದರೆ ಯಾವ ಡಾಕ್ಟರು ಬಂದು ಕಾಲು ಹಿಡಿದರೂ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುವವಳಲ್ಲ. ನನ್ನ ಹೆಂಡತಿ ಬದುಕುವುದೂ ಬಿಡುವುದೂ ಒಂದು ಒದ್ದೆ ತೊಟ್ಟು ಯಾವಾಗ ಒಣಗುತ್ತದೆ ಎನ್ನುವುದರ ಮೇಲೆ ಬಂದು ನಿಂತಿತು. ಅದಕ್ಕೆ ಸರಿಯಾಗಿ ಮಣೆಯನ್ನು ಮಟ್ಟ ಮಾಡಿ ಕೂರಿಸಿದ್ದ ಮಹಾಶಯನೂ ನಾನೇ.

ಮುಂದೇನಾಯಿತು ಬೇಗ ಹೇಳಿ ಎನ್ನುತ್ತೀರಿ. ಪುಸ್ತಕದ ಕೊನೆಯ ಪುಟವನ್ನು ಮೊದಲು ಓದುವವರ ಪೈಕಿ ನಾನೂ ಒಬ್ಬ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಆ ಗುರುವಾರ ನನಗೆ ಯಾರೂ ಕೊನೆಯ ಪುಟ ತೋರಿಸಲಿಲ್ಲ. ಸ್ವಲ್ಪ ನೀವೂ ಕಾಯಿರಿ.

ಗುರುವಾರ ಬೆಳಿಗ್ಗೆ ಹೂ ತರಲು ನಾನೇ ಹೊರಟೆ. ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಹೂ ಮಾರುವ ಸೆಲ್ವಿ ನಮಗೆ ಹಳೆಯ ಪರಿಚಯ. ಬುಟ್ಟಿಯ ಮುಂದೆ ನಿಂತು ಸೇವಂತಿಗೆಯನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ತೂಗಿ ನೋಡಿದೆ. ಬಲಗಡೆಗೆ ದಪ್ಪದೊಂದು ಹೂ, ಎಡಗಡೆಗೆ ಹಗುರದೊಂದು ಹೂ ಸಿಕ್ಕಿದರೆ ಅರ್ಧ ಕೆಲಸ ಆದಂತೆಯೇ ಎಂಬುದು ನನ್ನ ಲೆಕ್ಕಾಚಾರ.

"ಅಯ್ಯೋ ಸಾಮಿ, ಹೂವಾ ಆಲೂಗಡ್ಡೆನಾ ತಗೊಳ್ತಾ ಇರೋದು?" ಎಂದಳು ಸೆಲ್ವಿ. "ಅಮ್ಮಾವ್ರು ಎಲ್ಲಿ ಸಾರ್? ಈ ವಾರ ಕಾಣಿಸ್ಲೇ ಇಲ್ಲ."

"ಹುಷಾರಿಲ್ಲಮ್ಮ" ಎಂದೆ.  ಅವಳು ನನ್ನ ಮುಖ ನೋಡಿ ಒಂದು ಮೊಳ ಮಲ್ಲಿಗೆಯನ್ನು ಹೆಚ್ಚಿಗೆ ಕಟ್ಟಿಕೊಟ್ಟಳು.

ಮಧ್ಯಾಹ್ನ ಊಟವಾದ ಮೇಲೆ ಪದ್ಮ ಮಲಗಿದಳು. ನಾನು ಮೆಲ್ಲಗೆ ದೇವರ ಕೋಣೆಗೆ ಹೋದೆ. ಒಂದು ಕೈಯಲ್ಲಿ ರಸಮಟ್ಟ, ಇನ್ನೊಂದು ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಲಗ್ನಪತ್ರಿಕೆ. ಈಗಿನ ಲಗ್ನಪತ್ರಿಕೆಗಳು ರಟ್ಟಿಗಿಂತ ಗಟ್ಟಿ. ಮಣೆಯ ಒಂದು ಅಂಚನ್ನು ಅದರಿಂದ ಸ್ವಲ್ಪವೇ ಎತ್ತರಿಸಿದರೆ ದೇವರು ಬಲಕ್ಕೆ ವಾಲುತ್ತಾನೆ. ಅಮ್ಮನ ಕಾಲದ ದೇವರು ಹೇಗಿದ್ದನೋ ಹಾಗೆಯೇ ಮಾಡುವುದು, ಇದರಲ್ಲಿ ಮೋಸವೇನು ಬಂತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಷ್ಟು ಎತ್ತರಿಸಬೇಕೆಂದು ತಿಳಿಯಲು ಮೊದಲು ಮಣೆಯ ಮೇಲೆ ರಸಮಟ್ಟ ಇಟ್ಟೆ.

ಗುಳ್ಳೆ ನಡುವೆ ನಿಲ್ಲಲಿಲ್ಲ. ಪೂರ್ತಿ ಒಂದು ಪಕ್ಕಕ್ಕೆ ಓಡಿ ತುದಿಗೆ ಅಂಟಿಕೊಂಡಿತು.

ನಾನೇ ಕೂರಿಸಿದ ಮಣೆ. ಬಗ್ಗಿ ನೋಡಿದೆ. ದೇವರ ಬಲಗಡೆಯ ಅಂಚಿನ ಕೆಳಗೆ ಏನೋ ತುರುಕಿತ್ತು. ಎಳೆದು ತೆಗೆದೆ. ಮಾತ್ರೆಯ ಡಬ್ಬಿಯೊಂದನ್ನು ಒತ್ತಿ ಮಡಿಸಿ ಮಾಡಿದ ಬೆಣೆ. ಪದ್ಮ ದಿನವೂ ನುಂಗುತ್ತಿದ್ದ ಮಾತ್ರೆ. ಬಲಗಡೆ ಎತ್ತರವಾಗಿ ದೇವರು ಎಡಕ್ಕೆ ವಾಲಿ ಕೂತಿದ್ದ. ಎಡಗಡೆಯ ಹೂ ಬೀಳಲಿ ಎಂದು ಯಾರೋ ಮಾಡಿಟ್ಟಿದ್ದರು. ಮನೆಯಲ್ಲಿ ಇದ್ದವರು ನಾವಿಬ್ಬರೇ.

 ಮರುಗಳಿಗೆಯೇ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಮಲಗಿದವಳನ್ನು ಎಬ್ಬಿಸಿ ಕೂಗಾಡಬೇಕೆನಿಸಿತು. ತಿರುಗಿದರೆ ಬಾಗಿಲಲ್ಲಿ ಅವಳೇ ನಿಂತಿದ್ದಳು, ಚೌಕಟ್ಟನ್ನು ಹಿಡಿದುಕೊಂಡು.

"ಇದನ್ನ ನೀನೇ ಇಟ್ಟಿದ್ದಾ?" ಎಂದೆ.

 ಅವಳು ನನ್ನ ಇನ್ನೊಂದು ಕೈ ನೋಡಿದಳು. "ಅದೇನು ಆ ಕೈಲಿ?"

"ಲಗ್ನಪತ್ರಿಕೆ."

"ದೇವರಿಗೆ ತೋರಿಸೋಕೆ ತಂದ್ರಾ?"

 ಅವಳು ಹೊಸ್ತಿಲ ಮೇಲೆ ಕೂತಳು. ಅಷ್ಟು ನಡೆದು ಬಂದದ್ದಕ್ಕೇ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಬೇಡ ಅಂತ ನೀನೇ ನಂಗೆ ಹೇಳ್ಬಹುದಿತ್ತಲ್ಲ ಪದ್ಮ. ದೇವರ ಕೈಲಿ ಯಾಕೆ ಹೇಳಿಸ್ಬೇಕು?" ನನ್ನ ದನಿ ಏರಿತ್ತು.

"ನಾನು ಹೇಳಿದ್ರೆ ನೀವು ಕೇಳ್ತಿದ್ರಾ?" ಎಂದಳು. ಅವಳ ದನಿ ಏರಲಿಲ್ಲ. "ಆಸ್ಪತ್ರೆಯಿಂದ ಬಂದಾಗಿಂದ ನೋಡ್ತಿದೀನಿ. ವಾರ್ಡ್ ಯಾವ್ದು, ಬ್ಲಡ್ ಯಾರ್ದು, ಎಲ್ಲ ನೀವೇ ಮಾಡ್ಬಿಟ್ರಿ. ಯಾರ್ ಯಾರಿಗೋ ಫೋನ್ ಮಾಡಿ ಕೇಳಿದ್ರಿ. ಒಂದ್ಸಲ ನನ್ನ ಕೇಳಿದ್ರಾ? ಭಯ ಆಗ್ತಿದ್ಯಾ ಪದ್ಮ ಅಂತ ಕೇಳಿದ್ರಾ? ನನ್ನ ಎದೆ ರೀ ಅದು. ಅವರು ಕೊಯ್ಯೋದು ನನ್ನ ಎದೆನ."

  ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಭಯ ಆಗ್ತಿದ್ಯಾ?" ಎಂದು ಕೇಳಿದೆ.

"ಹೂಂ."

"ನಂಗೂ" ಎಂದೆ. ಮೂರು ದಿನದಿಂದ ಎಷ್ಟೋ ಜನರೊಂದಿಗೆ ಎಷ್ಟೋ ಮಾತಾಡಿದ್ದವನು ಈ ಒಂದು ಪದವನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಕಣ್ಣಲ್ಲಿ ನೀರು ಬಂತು. ಅವಳು ಸೆರಗಿನಲ್ಲಿ ನನ್ನ ಕಣ್ಣು ಒರೆಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮೊದಲೇ ಹೇಳೋದಲ್ವಾ" ಎಂದು ಗೊಣಗಿದಳು, ಅಷ್ಟೇ.

"ಈಗ ನೀನು ಹೇಳು. ಬೇಡ ಅಂದ್ರೆ ಬೇಡ. ನಾನು ಒಂದು ಮಾತಾಡಲ್ಲ."

"ನಂಗೆ ಗೊತ್ತಾಗ್ತಿಲ್ಲ ರೀ. ಮಾಡಿಸ್ಕೊಂಡ್ರೆ ಟೇಬಲ್ ಮೇಲೇ ಹೋಗ್ಬಿಡ್ತೀನೇನೋ ಅನ್ಸುತ್ತೆ. ಬೇಡ ಅಂದ್ರೆ ದಿನಾ ಹಿಂಗೇ ಉಸಿರು ಎಣಿಸ್ಕೊಂಡು ಕೂರ್ಬೇಕು. ನಿಮಗೆ ಗೊತ್ತಾ?"

"ನಂಗೂ ಗೊತ್ತಿಲ್ಲ" ಎಂದೆ. ಅದು ನಿಜವಾಗಿತ್ತು.

ಸಂಜೆ ಅವಳು ಮುಖ ತೊಳೆದುಕೊಂಡು ದೀಪ ಹಚ್ಚಿದಳು. ಮಾತ್ರೆ ಡಬ್ಬಿಯೂ ಲಗ್ನಪತ್ರಿಕೆಯೂ ಕಸದ ಬುಟ್ಟಿ ಸೇರಿದ್ದವು. ಮಣೆಯನ್ನು ನೆಟ್ಟಗೆ ಮಾಡಲು ಕೈ ಚಾಚಿದರೆ "ನೀವು ಮುಟ್ಬೇಡಿ" ಎಂದಳು. ಹೂವನ್ನೂ ಅವಳೇ ಆರಿಸಿದಳು, ತೂಕ ನೋಡದೆ, ಬುಟ್ಟಿಯಲ್ಲಿ ಕೈಗೆ ಬಂದದ್ದು ಎರಡು. ತೊಟ್ಟು ಒದ್ದೆ ಮಾಡಿ ದೇವರ ಎರಡೂ ಪಕ್ಕಕ್ಕೆ ಇಟ್ಟಳು. ನಾನು ಫ್ಯಾನು ಆರಿಸಲು ಎದ್ದೆ. "ಕೂತ್ಕೊಳ್ಳಿ ಸುಮ್ನೆ" ಎಂದಳು. ಕೂತೆ.

ಆ ಸಂಜೆ ನಾನು ಕೂತಂತೆ ಯಾವತ್ತೂ ಕೂತವನಲ್ಲ. ಹೂವಿನ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಬೀದಿಯಲ್ಲಿ ಲಾರಿ ಹೋದರೆ ಹೂ ಅಲುಗಿತೇನೋ ಎಂದು ಮುಂದಕ್ಕೆ ಬಾಗುತ್ತಿದ್ದೆ. ಎಡಗಡೆಯ ಹೂವಿನ ಒಂದು ಎಸಳು ಬಾಗಿತು. ಪದ್ಮ ನನ್ನ ಮೊಣಕೈ ಹಿಡಿದಳು. ಎಸಳು ಬಾಗಿದಲ್ಲಿಯೇ ನಿಂತಿತು. ಕುಕ್ಕರಿಗೆ ಅಕ್ಕಿ ಇಡುವ ಹೊತ್ತಾಯಿತು, ಊಟದ ಹೊತ್ತೂ ಆಯಿತು. ಬೀಳಲಿಲ್ಲ. ಮಲಗುವ ಮುಂಚೆ ಬಗ್ಗಿ ನೋಡಿದೆವು. ಬೆಳಿಗ್ಗೆ ಎದ್ದು ನೋಡಿದೆವು. ಎರಡೂ ಹೂ ಬಾಡಿ, ಇಟ್ಟಲ್ಲಿಯೇ ಅಂಟಿಕೊಂಡಿದ್ದವು. ದೇವರು ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಪದ್ಮ ಎರಡನ್ನೂ ತೆಗೆದು ಕಣ್ಣಿಗೊತ್ತಿಕೊಂಡು ತುಳಸಿಯ ಬುಡಕ್ಕೆ ಹಾಕಿದಳು.

ತಿಂಡಿ ತಿನ್ನುವಾಗ ಆಸ್ಪತ್ರೆಯಿಂದ ಫೋನು ಬಂತು. ನಾನು ಎತ್ತಿಕೊಂಡು ಅವಳ ಮುಖ ನೋಡಿದೆ. ಅವಳು ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು.

"ಬರ್ತೀವಿ ಡಾಕ್ಟ್ರೇ, ಸೋಮವಾರ" ಎಂದಳು.

"ಅವನು ಏನೂ ಹೇಳಲಿಲ್ಲವಲ್ಲ ಪದ್ಮ" ಎಂದೆ ನಾನು, ಫೋನು ಇಟ್ಟ ಮೇಲೆ.

"ನನ್ನ ನೋಡೋಕೆ ಬಂದಾಗ ನೀವೂ ಬಾಯಿ ಬಿಟ್ಟಿರ್ಲಿಲ್ಲ. ಉಪ್ಪಿಟ್ಟಿನ ತಟ್ಟೆ ನೋಡ್ಕೊಂಡು ಕೂತಿದ್ರಿ. ನಾನು ನಿಮ್ಮನ್ನ ನಂಬಿ ಬರ್ಲಿಲ್ವಾ?" ಎಂದಳು.  ಧೈರ್ಯ ಬಂದು ಹೇಳಿದ ಮಾತಲ್ಲ ಅದು. ಹೆದರಿಕೆ ಇದ್ದಲ್ಲಿಯೇ ಇತ್ತು. ಅದನ್ನು ಜೊತೆಗೆ ಕರೆದುಕೊಂಡೇ ಹೊರಟಿದ್ದಳು.

ಈಗ ನಿಮಗೆ ಕೊನೆಯ ಪುಟ ತೋರಿಸಿಬಿಡುತ್ತೇನೆ. ಪದ್ಮ ಮನೆಗೆ ಬಂದಳು. ಎದೆಯ ನಡುವೆ ಉದ್ದನೆಯ ಗಾಯದ ಗುರುತು, ದಿನಕ್ಕೊಂದು ರಾಶಿ ಮಾತ್ರೆ, ಆಗಾಗ ರಕ್ತಪರೀಕ್ಷೆ. ಮುಂದೆ ಹೇಗೋ ಯಾರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಸದ್ಯಕ್ಕೆ ಒಳಗೆ ಮಜ್ಜಿಗೆಗೆ ಒಗ್ಗರಣೆ ಹಾಕುತ್ತಿದ್ದಾಳೆ, ವಾಸನೆ ಇಲ್ಲಿಗೆ ಬರುತ್ತಿದೆ. ಆದರೆ ಆ ಸೋಮವಾರ ಬೆಳಿಗ್ಗೆ ಈ ಒಗ್ಗರಣೆಯ ವಾಸನೆಯ ಭರವಸೆಯನ್ನು ನನಗೆ ಕೊಡುವವರು ಯಾರೂ ಇರಲಿಲ್ಲ.

ಅಂದು ಅವಳನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಆಪರೇಷನ್ ಥಿಯೇಟರಿನ ಕಡೆಗೆ ಕರೆದೊಯ್ದರು. ನಾನು ಪಕ್ಕದ ಕಂಬಿ ಹಿಡಿದುಕೊಂಡು ಜೊತೆಗೆ ನಡೆದೆ. ಅವಳ ತಾಳಿ, ಬಳೆ, ಮೂಗುತಿಯನ್ನು ಒಂದು ಕವರಿನಲ್ಲಿ ಹಾಕಿ ನನಗೆ ಕೊಟ್ಟಿದ್ದರು. "ಎಲ್ಲಾದ್ರೂ ಇಟ್ಟು ಮರೀಬೇಡಿ" ಎಂದು ಅವಳು ದಾರಿಯುದ್ದಕ್ಕೂ ಹೇಳುತ್ತ ಬಂದಳು. ಬಾಗಿಲು ಬಂತು. ಗಾಡಿ ನಿಂತಿತು.

"ಸಾರ್, ಇಲ್ಲಿಂದ ಆಚೆ ಬಿಡಲ್ಲ" ಎಂದರು ನರ್ಸಮ್ಮ.

ಹೂಂ ಎಂದೆ. ಕೈ ಮಾತ್ರ ಕಂಬಿಯನ್ನು ಬಿಡಲಿಲ್ಲ. ನಾನು ಬಿಡುತ್ತಿಲ್ಲವೆಂಬುದು ನನಗೇ ತಿಳಿದಿರಲಿಲ್ಲ. ನರ್ಸಮ್ಮ ಇನ್ನೊಂದು ಸಲ ಹೇಳಿದರು. ಆಗ ಪದ್ಮ ಹೊದಿಕೆಯೊಳಗಿಂದ ಕೈ ತೆಗೆದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳ ಕೈ ತಣ್ಣಗಿತ್ತು. ಬಿಡಿಸಿದ ನನ್ನ ಕೈಯನ್ನು ಒಮ್ಮೆ ಒತ್ತಿ, ನನ್ನ ಪಕ್ಕಕ್ಕೆ ಇಟ್ಟಳು. ಗಾಡಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ದೇವರಿಗೆ ಹೇಳಬೇಕಾದದ್ದೆಲ್ಲವನ್ನೂ ನಾನು ಶುಕ್ರವಾರದಿಂದ ಸಿದ್ಧ ಮಾಡಿಟ್ಟುಕೊಂಡಿದ್ದೆ. ಡಾಕ್ಟರ ಕೈ ನಡುಗದಿರಲಿ, ಕರೆಂಟು ಹೋಗದಿರಲಿ, ಹೋದರೆ ಜನರೇಟರು ಕೂಡಲೇ ಹತ್ತಲಿ, ರಕ್ತ ಸಾಕಾಗಲಿ, ಅವಳಿಗೆ ಬೇಗ ಎಚ್ಚರವಾಗಲಿ. ಮುಚ್ಚಿದ ಬಾಗಿಲಿನ ಮುಂದೆ ಕಣ್ಣು ಮುಚ್ಚಿ ನಿಂತಾಗ ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಪದ್ಮ ಒಳಗೆ ಬರ್ತಿದಾಳಪ್ಪ. ನೋಡ್ಕೋ" ಎಂದೆ. ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಡಲಿಲ್ಲ.